ಹಸಿರು ಕೆಸರು

ಹರಿಹರ
೧೪ ನವೆಂಬರ್ ೨೦೨೪

ಪ್ರೀತಿಯ ತಸ್ಲೀಮ್ ಆಪಾ, ಸಲಾಂ.

ನನ್ನ ಮೂಗಿನಿಂದ ರಕ್ತ ಬರುತ್ತಿದ್ದದ್ದು ಬಿಸಿಲಿಗಲ್ಲ. ಒಳಗಿನ ನಡುಗೋಡೆ ತೂತಾಗಿದೆ. ನಿನ್ನ ಗಂಡ ಅಮ್ಜದ್ ಭಾಯಿಯ ಕ್ರೋಮ್ ಲೇಪನದ ಶೆಡ್ಡಿಗೆ ಸೇರಿದ ವರ್ಷವೇ ಆಗಿದ್ದು. ನೀವಿಬ್ಬರೂ ಜಗಳವಾಡುತ್ತೀರೆಂದು ಮುಚ್ಚಿಟ್ಟೆ. ಬರೆಯಲು ತಡವಾದದ್ದೂ ಅದಕ್ಕೇ, ಕ್ಷಮಿಸು. ಫೋನು ಮಾಡಿದರೆ ಭಾಯಿಯೇ ಎತ್ತುತ್ತಾರೆ.

ಆದರೆ ಈ ಕಾಗದ ಮೂಗಿಗಾಗಿ ಅಲ್ಲ, ಕೆ.ಬಿ. ಬಡಾವಣೆಯ ನಿಮ್ಮ ಹಿತ್ತಿಲಿಗಾಗಿ. ತಗ್ಗು ತುಂಬಿಸಲು ಶೆಡ್ಡಿನ ಹಸಿರು ಕೆಸರನ್ನು ಒಣಗಿಸಿ ಹಾಕಿದ್ದೆವಲ್ಲ. ಲೇಪನದ ತೊಟ್ಟಿಯ ಹಳದಿ ನೀರಿನಲ್ಲಿರುವುದು ವಿಷದ ಕ್ರೋಮಿಯಂ. ಆ ರೂಪಕ್ಕೆ ಆರು ಎನ್ನುತ್ತಾರೆ. ರಾಸಾಯನಿಕದ ಪುಡಿ ಹಾಕಿದರೆ ಅದು ಮೂರು ಎಂಬ ರೂಪಕ್ಕೆ ತಿರುಗಿ ಹಸಿರು ಕೆಸರಾಗುತ್ತದೆ, ಅದು ಅಷ್ಟು ಕೆಟ್ಟದ್ದಲ್ಲ. ನಮ್ಮ ಪರೀಕ್ಷೆಯೆಲ್ಲ ಕಣ್ಣಿನಲ್ಲೇ. ಹಸಿರಾಯಿತೆಂದರೆ ಮುಗಿಯಿತು.

ಜೂನ್ ಮಳೆಗೆ ನಿಮ್ಮ ಹಿತ್ತಿಲಲ್ಲಿ ಹಳದಿ ನೀರು ನಿಂತದ್ದು ಕಂಡೆ. ಒಂದು ಡಬ್ಬಿ ಮಣ್ಣನ್ನು ವಿಶ್ವವಿದ್ಯಾಲಯದಲ್ಲಿ ಕಾರ್ಖಾನೆ ಕೆಸರಿನ ಸಂಶೋಧನೆ ಮಾಡುವ ಸುಧಾ ಮೇಡಂಗೆ ಕೊಟ್ಟೆ. ಅವರು ಇಂದೋರ್‌ನ ದೊಡ್ಡ ಪ್ರಯೋಗಾಲಯಕ್ಕೆ ಒಯ್ದು ಅದಕ್ಕೆ ಎಕ್ಸ್-ರೇ ಹಾಯಿಸಿದರು. ನಿನ್ನೆ ಕಂಪ್ಯೂಟರಿನಲ್ಲಿ ತೋರಿಸಿದರು. ನಕ್ಷೆಯ ಗೆರೆ ಗುಡ್ಡದಂತೆ ಏರುವ ಮೊದಲೇ ಸಣ್ಣದೊಂದು ಮೊನೆ ಎದ್ದಿತ್ತು.

"ಬರೀ ಮೂರೇ ಇದ್ದಿದ್ರೆ ಈ ಮೊನೆ ಇಷ್ಟು ಏಳ್ತಿರ್ಲಿಲ್ಲ, ಬಿಲಾಲ್. ಮಣ್ಣಾಗೆ ಆರು ಐತೆ."

"ಹಸಿರಾಗಿತ್ತಲ್ರಿ ಮೇಡಂ, ಹೆಂಗೆ ಬಂತು?"

"ಒಂದಿಷ್ಟು ಬದಲಾಗ್ದೇ ಉಳಿದಿರ್ಬೋದು, ಒಂದಿಷ್ಟು ಮಣ್ಣಲ್ಲೇ ತಿರುಗಿ ಆರಾಗಿರ್ಬೋದು. ಮೊದ್ಲು ಆ ಹಿತ್ತಿಲ ಬೋರಿನ ನೀರು ಕುಡಿಯೋದು ನಿಲ್ಸಕ್ಕೆ ಹೇಳು."

ಅಲ್ಲಿಂದ ನೇರ ನಿಮ್ಮ ಮನೆಗೇ ಬಂದೆ. ಭಾಯಿ ನಕ್ಕರು.

"ಒಂಬತ್ತನೇದು ಪಾಸಾಗ್ಲಿಲ್ಲ, ಎಕ್ಸ್-ರೇ ಓದಾಕೆ ಬಂದಾನೆ. ಆ ಮಣ್ಣು ಬೇರೆ ಕಡೇದು ಅಂತ ನಿಮ್ಮ ಮೇಡಂಗೆ ಹೇಳ್ಬಿಡು."

"ಸುಳ್ಳಾಗ್ತದಲ್ರಿ ಭಾಯಿ."

"ಹಂಗಾದ್ರೆ ಈ ಹೊಸ್ತಿಲು ಮತ್ತೆ ತುಳೀಬ್ಯಾಡ."

ಮಣ್ಣು ಎಲ್ಲಿಯದೆಂದು ಇವತ್ತು ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ಮೇಡಂ ಅದನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸುತ್ತಾರೆ. ಶೆಡ್ಡು ಮುಚ್ಚಿಹೋಗಬಹುದು, ನಿಮ್ಮ ಅನ್ನವೂ ಅದರಿಂದಲೇ ಎಂದು ಗೊತ್ತು. ನನ್ನನ್ನು ಎಷ್ಟಾದರೂ ಬೈದುಕೋ. ಪುಟ್ಟ ಆಮ್ನಾಗೆ ಮಾತ್ರ ಆ ಬೋರಿನ ನೀರು ಕುಡಿಸಬೇಡ. ಕುದಿಸಿದರೂ ಅದು ಹೋಗುವುದಿಲ್ಲ. ಮಗುವನ್ನು ಹಿತ್ತಿಲಿನ ಮಣ್ಣಿನಲ್ಲಿ ಆಡಲು ಬಿಡಬೇಡ.

ಅಲ್ಲಾಹ್ ನಿನ್ನ ಮಗಳನ್ನು ಗಟ್ಟಿಯಾಗಿಡಲಿ, ನಿನ್ನ ಮನಸ್ಸಿಗೆ ನೆಮ್ಮದಿ ಕೊಡಲಿ. ಭಾಯಿಗೂ ಸಲಾಂ ಹೇಳು.

ನಿನ್ನ ತಮ್ಮ,
ಬಿಲಾಲ್

ತಾ.ಕ.: ಭಾಯಿ ಆ ಹೊಸ್ತಿಲಿನ ಮಾತಾಡಿದಾಗ ನೀನು ಪರದೆಯಾಚೆ ನಿಂತಿದ್ದೆ. ಕೆಳಗೆ ನಿನ್ನ ಪಾದ ಕಾಣುತ್ತಿತ್ತು. ನೀನು ಕರೆಯಬಹುದೆಂದು ಚಪ್ಪಲಿ ಹಾಕಿಕೊಳ್ಳುವುದನ್ನು ತಡ ಮಾಡಿದೆ. ಪಾದ ಹಿಂದಕ್ಕೆ ಸರಿಯಿತು. ಹುಬ್ಬಳ್ಳಿಯಲ್ಲಿ ಲೇತ್ ಕೆಲಸ ಸಿಕ್ಕಿದೆ. ನಾಳೆ ಬೆಳಿಗ್ಗೆ ಹೊರಡುತ್ತೇನೆ.