ಬಿಚ್ಚದ ಮುಷ್ಟಿ

ಸವಾಯಿ ದ್ವೀಪ, ಸಮೋವಾ
ಆಗಸ್ಟ್ ೧೪, ಸೋಮವಾರ

ನನ್ನ ಮಗಳು ಮಸೀನಾಳಿಗೆ,

ಅಮ್ಮನ ಮುತ್ತುಗಳು. ಅಪ್ಪ ಹೇಡಿ ಎಂದು ನೀನು ಆಕ್ಲೆಂಡಿನ ಚರ್ಚಿನಲ್ಲಿ ನಮ್ಮವರ ಮುಂದೆಯೇ ಹೇಳಿದೆಯಂತೆ. ಫೋನಿನಲ್ಲಿ ಮಾತು ಶುರುಮಾಡಿದರೆ ಅಳುತ್ತೀಯ, ಆಮೇಲೆ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ತಮ್ಮ ಯೋಸುವಾ ಸತ್ತದ್ದನ್ನು ನಾನು ನೋಡಲಿಲ್ಲ ಎಂದು ನಿನಗೆ ಹೇಳಿದ್ದೆ. ನೋಡಿದೆ. ವೈಫಲೆಯ ಮನೆಯ ಗಂಡುಹಂದಿ ಮತ್ತೆ ನಮ್ಮ ಕೆಸುವಿನ ತೋಟ ಅಗೆದು ಹಾಕಿತ್ತು. ಯೋಸುವಾ ಅದನ್ನು ಕೊಂದ. ವೈಫಲೆಯ ಮಗ ತವಿತಾ ಮಚ್ಚು ಹಿಡಿದು ಬಂದ. ಮೊದಲ ಏಟು ಯೋಸುವಾನ ಕುತ್ತಿಗೆಗೆ ಬಿತ್ತು. ಎರಡನೆಯದನ್ನು ಅಪ್ಪ ಅಡ್ಡ ಬಂದು ಮುಂಗೈ ಮೇಲೆ ತೆಗೆದುಕೊಂಡರು. ಹಸಿ ಮರ ಕಡಿದಂಥ ಸದ್ದು. ನಿನ್ನ ತಮ್ಮನ ರಕ್ತ ಕೆಸುವಿನ ಎಲೆಗಳ ಮೇಲೆ ನಿಲ್ಲದೆ ಉರುಳಿ ಉರುಳಿ ಬೀಳುತ್ತಿತ್ತು, ಮಳೆನೀರಿನ ಹಾಗೆಯೇ.

ತವಿತಾ ಜೈಲಿಗೆ ಹೋದ. ಮರುದಿನ ಬೆಳಿಗ್ಗೆ ವೈಫಲೆಯೂ ಅವನ ಹೆಂಡತಿ ಲೂಪೆಯೂ ನಮ್ಮ ಮನೆಯೆದುರು ಮಂಡಿಯೂರಿ, ತಮ್ಮ ಮನೆತನದ ಚಾಪೆಯನ್ನು ತಲೆಯ ಮೇಲಿಂದ ಹೊದ್ದು ಕೂತರು. ನಿನಗೆ ಗೊತ್ತಲ್ಲ, ಆ ಚಾಪೆ ಎತ್ತುವ ಹಕ್ಕು ಮನೆಯ ಯಜಮಾನನದು. ಎತ್ತಿದರೆ ಕ್ಷಮಿಸಿದ ಹಾಗೆ. ಎತ್ತುವವರೆಗೆ ಯಾರು ಏನು ಮಾಡಿದರೂ ಕೆಳಗಿರುವವರು ಏಳುವಂತಿಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದರು. ನಿನ್ನ ಚಿಕ್ಕಪ್ಪಂದಿರು ಕಲ್ಲು ತೂರಿದರು. ಚಾಪೆಯ ಮೇಲೆ ಕೆಂಪು ಹರಡಿತು. ಒಳಗಿದ್ದವರು ಏಳಲಿಲ್ಲ. ಕೊನೆಗೆ ಊರ ಹಿರಿಯರು ತಡೆದು, “ಪೆನಿತಲಾನ ಕೈ ಸರಿಹೋಗ್ಲಿ, ಆಮೇಲೆ ಬನ್ನಿ. ಎತ್ತೋದೋ ಬಿಡೋದೋ ಅವನಿಷ್ಟ” ಅಂದರು.

ಊರೆಲ್ಲ ಅಪ್ಪನ ಕೈಗಾಗಿ ಕಾಯತೊಡಗಿತು.

ಬೆರಳು ಬಿಚ್ಚುವ ನರಗಳನ್ನು ಡಾಕ್ಟರ್ ಲಗಿ ಹೊಲಿದಿದ್ದರು. ಗಾಯ ಮಾಗಿದ ಮೇಲೆ ಫಿಸಿಯೋಥೆರಪಿ ಶುರುವಾಯಿತು. ವಾರಕ್ಕೊಮ್ಮೆ ಡಾಕ್ಟರ್ ಬಂದು ಒಂದೊಂದೇ ಬೆರಳು ಮಡಿಸಿ ನೋಡಿ ಒಪ್ಪಿದ ನಂತರವೇ ರೂತಾ ಎಂಬ ಹುಡುಗಿ ಮುಂದಿನ ವ್ಯಾಯಾಮ ಕಲಿಸುತ್ತಿದ್ದಳು. ಒದ್ದೆ ಬಟ್ಟೆ ಹಿಂಡುವುದು, ಚೆಂಡು ಅದುಮುವುದು, ತೆಂಗಿನ ಚಿಪ್ಪು ಎತ್ತಿಡುವುದು. ಅಪ್ಪ ನೋವಿಗೆ ಬೈದರೆ, “ಏನ್ ಯಜಮಾನ್ರೇ, ಚರ್ಚಲ್ಲಿ ಬೀಸಣಿಗೆ ಬೀಸೋಕೆ ಮಾತ್ರ ಸಾಕಾ ಈ ಕೈ?” ಎಂದು ಕೆಣಕುತ್ತಿದ್ದಳು.

ಒಂದು ದಿನ ಅಪ್ಪ, “ನಾನು ಮಚ್ಚು ಹಿಡೀಬೇಕು ಡಾಕ್ಟ್ರೇ” ಅಂದರು. ಡಾಕ್ಟರಿಗೆ ಖುಷಿಯಾಯಿತು. ತೋಟಕ್ಕೆ ಹೋಗುವ ಆಸೆ ಬಂತಲ್ಲ ಎಂದುಕೊಂಡರು ಪಾಪ. “ಅಲಗು ಬೇಡ, ಬರೀ ಹಿಡಿ ತಗೊಂಡ್ಬಾಮ್ಮ” ಎಂದು ನನಗೆ ಹೇಳಿದರು. ರೂತಾ ಹಿಡಿಗೆ ದಪ್ಪನೆ ಬಟ್ಟೆ ಸುತ್ತಿ ಹಿಡಿಸಿದಳು. ಬರಬರುತ್ತ ಸುತ್ತು ಬಿಚ್ಚುತ್ತ ಹೋದಳು. ಮನೆಯಲ್ಲಿ ಅಭ್ಯಾಸ ಮಾಡಿಸುವುದು ನನ್ನ ಪಾಲಿಗೆ ಬಂತು. ಅದು ಯಾರ ಕುತ್ತಿಗೆಗೆ ಎಂದು ನನಗೆ ಗೊತ್ತಿತ್ತು. ಒಂದು ಹೊತ್ತೂ ತಪ್ಪಿಸಲಿಲ್ಲ.

ಡಾಕ್ಟರ್ ಮಾತ್ರ ನನ್ನನ್ನು ಕರೆದು ಎಚ್ಚರಿಸಿದರು: “ಹಿಡಿಯೋ ಬಲ ಬಂದಿದೆ, ಬಿಚ್ಚೋ ಬಲ ಇನ್ನೂ ಬಂದಿಲ್ಲ. ಗಟ್ಟಿಯಾಗಿ ಹಿಡಿದ್ರೆ ಬೆರಳು ಹಾಗೇ ಸಿಕ್ಕಾಕೊಳ್ತವೆ. ಎಳೀಬೇಡ. ಮಣಿಕಟ್ಟನ್ನ ಕೆಳಕ್ಕೆ ಬಾಗ್ಸು, ತಾವೇ ಬಿಚ್ಕೊಳ್ತವೆ.”

ಮೊನ್ನೆ ಶನಿವಾರ ಬೆಳಕು ಹರಿಯುವಾಗ ವೈಫಲೆಯೂ ಲೂಪೆಯೂ ಮತ್ತೆ ಬಂದು ಕೂತರು. ಅದೇ ಚಾಪೆ, ಕಲೆ ಹೋಗಿರಲಿಲ್ಲ. ಅಪ್ಪ ಮಚ್ಚು ಹಿಡಿದು ಅಂಗಳಕ್ಕಿಳಿದರು. “ಇನ್ನೇನ್ ನೋಡ್ತೀಯಣ್ಣ, ಹಾಕು” ಎಂದ ಚಿಕ್ಕಪ್ಪ. ಅಪ್ಪ ಮೊದಲು ಅಲಗಿನ ಮಗ್ಗುಲಿನಿಂದ ವೈಫಲೆಯ ಬೆನ್ನಿಗೆ ಬಾರಿಸಿದರು. ಚಾಪೆಯೊಳಗೆ ಅವನು ಪಕ್ಕಕ್ಕೆ ಉರುಳಿದ. ಆಮೇಲೆ ಅಲಗು ತಿರುಗಿಸಿ ಕೈ ಎತ್ತಿದರು.

ಆಗ ಚಾಪೆಯ ಕೆಳಗೆ ಲೂಪೆ ಸರಿದಳು. ಗಂಡನ ಮೇಲೆ ಅಡ್ಡ ಬಿದ್ದಳು. ಅವಳ ಮುಖ ಕಾಣಲಿಲ್ಲ, ಚಾಪೆಯ ಉಬ್ಬು ಮಾತ್ರ ಈ ಕಡೆಯಿಂದ ಆ ಕಡೆ ಹೋಯಿತು. ಅಪ್ಪ ಕೈ ಎತ್ತಿದವರು ಎತ್ತಿದಂತೆಯೇ ನಿಂತರು. “ಅವಳೂ ಅಡ್ಡ ಬಂದ್ಲು” ಅಂದರು. ಮಚ್ಚು ಬಿಡಲು ನೋಡಿದರು. ಬೆರಳು ಬಿಚ್ಚಲಿಲ್ಲ. ಅಲಗು ಅವಳ ತಲೆಯ ಮೇಲೇ ಇತ್ತು.

“ಟೆಲೆಸಿಯಾ, ಬಿಡಿಸೇ. ಬಿಚ್ತಾ ಇಲ್ಲ.”

ನಾನು ಹೋಗಿ ಕೈ ಹಾಕಿದೆ. ಮಣಿಕಟ್ಟು ಬಾಗಿತು, ಬೆರಳು ಬಿಚ್ಚಿತು, ಮಚ್ಚು ನನ್ನ ಕಾಲ ಪಕ್ಕ ಬಿತ್ತು. ಅಪ್ಪನಿಗೆ ಆ ಕೈಯ ಬೆರಳು ಬಿಚ್ಚಿ ಚಾಪೆಯ ಅಂಚು ಹಿಡಿಯಲು ಆಗಲಿಲ್ಲ. ಮುಂಗೈಯನ್ನೇ ಅದರಡಿ ತೂರಿಸಿ ಎತ್ತಿದರು. ವೈಫಲೆಯ ಬಾಯಲ್ಲಿ ರಕ್ತ. ಲೂಪೆ ನನ್ನನ್ನೇ ನೋಡಿದಳು. ನಾನು ಅವಳನ್ನು ನೋಡಲಿಲ್ಲ.

ನಡೆದದ್ದು ಇಷ್ಟು. ಅಪ್ಪನಿಗೆ ಒಂದು ಫೋನ್ ಮಾಡು. ಇನ್ನು ಮೇಲೆ ಬೆರಳು ಬಿಚ್ಚುವ ವ್ಯಾಯಾಮವನ್ನೇ ಹೆಚ್ಚು ಮಾಡಿಸಬೇಕಂತೆ. ಈಗ ಅದಕ್ಕೇ ಕೂರಿಸಬೇಕು.

ನಿನ್ನ ಅಮ್ಮ,
ಟೆಲೆಸಿಯಾ

ಮತ್ತೆ: ಬಿಡಿಸಿದ್ದು ನಾನು ಎಂದು ಅಪ್ಪ ಊರಿಗೆಲ್ಲ ಹೇಳುತ್ತಿದ್ದಾರೆ. ನಾನು ಹೋದದ್ದು ಬಿಡಿಸಲಿಕ್ಕಲ್ಲ ಮಸೀನಾ. ಆ ಮುಷ್ಟಿಯ ಮೇಲೆ ಎರಡೂ ಕೈಯಿಟ್ಟು, ಅವಳ ತಲೆಯ ಕಡೆಗೆ ಮೈಯ ಬಲವೆಲ್ಲ ಹಾಕಿ ತಳ್ಳಿದೆ. ಅಪ್ಪನ ತೋಳು ಬಗ್ಗಲಿಲ್ಲ. ಮಣಿಕಟ್ಟು ಮಾತ್ರ ಬಾಗಿತು. ಬೆರಳು ತಾವೇ ಬಿಚ್ಚಿಕೊಂಡವು.