ಮೊಂತಿ ಫೆಸ್ತಿನ ಮೀನು ಸಾರು

ಫಳ್ನೀರ್, ಮಂಗಳೂರು
ಸೆಪ್ಟೆಂಬರ್ ೧೩, ಶನಿವಾರ

ಪ್ರೀತಿಯ ಬಾಸಿಲ್,

ಹೇಗಿದ್ದೀರಿ? ಬಾಯಿಮಾತಿಗೆ ಕೇಳುವುದಲ್ಲ, ನಿಜವಾಗಿ ಕೇಳುವುದು. ಬಿ.ಪಿ. ಮಾತ್ರೆ ದಿನಾ ತಗೊಳ್ತೀರಾ, ಇಲ್ಲ ಫ್ರಿಜ್ಜಿನ ಮೇಲಿಟ್ಟು ಮರೆತುಬಿಡ್ತೀರಾ? ಇಲ್ಲಿ ನಾವು ಸೌಖ್ಯ. ಎಲೇನ್‌ಗೆ ಕೆಮ್ಮು ಇತ್ತು, ಈಗ ಕಡಿಮೆ ಉಂಟು. ಜೋಯೆಲನ ಶಾಲೆಯ ಪ್ಯಾಂಟು ಮತ್ತೆ ಗಿಡ್ಡ ಆಗಿದೆ, ಅವನು ಅಷ್ಟು ಬೆಳೀತಾ ಇದ್ದಾನೆ. ಮೊಬೈಲ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಎಂತಕ್ಕೆ ಅಂತ ನೀವು ಕೇಳಬಹುದು. ಮೊಬೈಲಿನಲ್ಲಿ ಬರುವುದನ್ನು ನಂಬುವುದು ನಾನು ಬಿಟ್ಟಿದ್ದೇನೆ, ಅದಕ್ಕೆ. ಮೇಲಿನ ಮನೆಯ ಆರಿಫಾಳ ಗಂಡ ಮುಂದಿನ ವಾರ ಮಸ್ಕತ್‌ಗೆ ಬರ್ತಾರೆ, ಅವರ ಹತ್ತಿರ ಕೊಟ್ಟು ಕಳಿಸ್ತೇನೆ. ರೂಮಿನವರ ಕೈಗೆ ಕೊಡಬೇಡಿ, ಬಾಸಿಲ್‌ನ ಕೈಗೇ ಕೊಟ್ಟು ಮುಖ ನೋಡಿ ಬನ್ನಿ ಅಂತ ಹೇಳಿದ್ದೇನೆ.

ನಮ್ಮ ಸ್ಕ್ಯಾನಿಂಗ್ ಸೆಂಟರಿನ ಕಂಪ್ಯೂಟರಿಗೆ ನನ್ನ ಜೊತೆ ಟೈಪ್ ಮಾಡುವ ಸುಮಯ್ಯಾ ಒಂದು ಸಾಫ್ಟ್‌ವೇರ್ ಹಾಕಿದ್ದು ನಿಮಗೆ ನೆನಪಿರಬೇಕು. ಎರಡಕ್ಷರ ಒತ್ತಿದರೆ ಸಾಕು, ಲಿವರ್ ಸರಿ ಉಂಟು, ಕಿಡ್ನಿ ಸರಿ ಉಂಟು ಅಂತ ಇಡೀ ಪ್ಯಾರಾ ತಾನಾಗಿ ಬಂದು ಕೂತುಕೊಳ್ತದೆ. ನನ್ನ ಬೆರಳುನೋವು ಅದರಿಂದಲೇ ಕಡಿಮೆಯಾದದ್ದು, ಇಲ್ಲ ಅನ್ನುವುದಿಲ್ಲ. ಆದರೆ ಮೊನ್ನೆ ಒಬ್ಬ ಗಂಡಸಿನ ರಿಪೋರ್ಟಿನಲ್ಲಿ ಗರ್ಭಕೋಶ ನಾರ್ಮಲ್ ಅಂತ ಬಂದುಬಿಟ್ಟಿತು. ಡಾಕ್ಟರು ಸಹಿ ಹಾಕುವ ಮೊದಲು ನೋಡಿದರು, ಬಚಾವ್. ಅಷ್ಟು ಸುಲಭದಲ್ಲಿ ಬರುವ 'ನಾರ್ಮಲ್' ನೋಡಿದರೆ ಆವತ್ತಿನಿಂದ ನನಗೆ ಸಂಶಯ.

ನೀವು ಈಸ್ಟರ್‌ಗೆ ಬಂದಾಗ ನಿಮ್ಮ ಫೋನಿನಲ್ಲೂ ಹಾಗೆ ಮಾಡಿಕೊಟ್ಟದ್ದು ನಾನೇ ಅಲ್ವಾ. ಒಂದು ಮೆಸೇಜ್ ಟೈಪ್ ಮಾಡಲಿಕ್ಕೆ ನಿಮಗೆ ಅರ್ಧ ಗಂಟೆ ಬೇಕು, ಪಾಪ ಅಂತ ಕಂಡಿತು. 'ಊಟ ಆಯ್ತು, ಮೀನು ಸಾರು ಲಾಯ್ಕಿತ್ತು, ನೀನು ಉಂಡೆಯಾ' ಅಂತ ಒಂದು. 'ಡ್ಯೂಟಿ ಉಂಟು, ಮತ್ತೆ ಕಾಲ್ ಮಾಡ್ತೇನೆ' ಅಂತ ಇನ್ನೊಂದು. ಈಗ ಕೆಲವು ವಾರಗಳಿಂದ ಬರುವುದು ಇವೆರಡೇ. ನಾನು ಬರೆದ ಮಾತು ನನಗೇ ವಾಪಸು ಬರ್ತದೆ ಮಾರಾಯ್ರೆ. ಎಲೇನ್‌ಗೆ ಕೆಮ್ಮು ಅಂತ ಹಾಕಿದರೂ ಮೀನು ಸಾರು ಲಾಯ್ಕಿತ್ತು. ಕಾಲ್ ಮಾಡಿದರೆ ಕಟ್. ಸಂಜೆ ತೇರ್ಸಿನ ಜಪ ಆದ ಮೇಲೆ ಮಕ್ಕಳು ಬೆಸಾಂವ್ ಕೇಳ್ತಾರೆ, ನೀವು ಎಲ್ಲಿದ್ದರೂ ವಾಯ್ಸ್ ಮೆಸೇಜಿನಲ್ಲಿ ಆಶೀರ್ವಾದ ಕಳಿಸುತ್ತಿದ್ದಿರಿ. ಅದೂ ನಿಂತಿದೆ. ಪಪ್ಪನಿಗೆ ಕೋಪವಾ ಅಂತ ಜೋಯೆಲ್ ಕೇಳಿದ. ನನಗೆ ಅಳು ಬಂತು.

ಇಷ್ಟಕ್ಕೂ ನಾನು ಸುಮ್ಮನಿದ್ದೆ. ಸೋಮವಾರ ಮೊಂತಿ ಫೆಸ್ತ್, ತಾಯಿ ಮರಿಯಮ್ಮನ ಹಬ್ಬ. ಇಗರ್ಜಿಯಿಂದ ಹೊಸ ತೆನೆ ತಂದು, ಪ್ರಾರ್ಥನೆ ಮಾಡಿ, ಎಲೆ ಹಾಕಿ ಎಲ್ಲರೂ ಬರೀ ತರಕಾರಿಯೇ ಉಂಡೆವು. ನಿಮ್ಮ ಪಾಲಿನ ಭತ್ತದ ಕಾಳು ಈ ಕಾಗದದಲ್ಲೇ ಇಟ್ಟಿದ್ದೇನೆ. ಹಬ್ಬದ ಊಟ ಎಂತ ಮಾಡಿದಿರಿ ಅಂತ ಕೇಳಿದ್ದಕ್ಕೆ ಫೋನ್ ಟಿಂಗ್ ಅಂದಿತು: ಮೀನು ಸಾರು ಲಾಯ್ಕಿತ್ತು. ಆ ದಿನ ಮೀನಿನ ವಾಸನೆ ಬಂದರೂ ಪಕ್ಕದ ಮನೆಯ ಕಿಟಕಿ ನೋಡಿ ಬಯ್ಯುವ ಮನುಷ್ಯ ನೀವು. ಅದನ್ನು ಕಳಿಸಿದ್ದು ನೀವಲ್ಲ ಅಂತ ನನಗೆ ಆಗಲೇ ಗೊತ್ತಾಯಿತು.

ಮತ್ತೆ ಯಾರು? ಸುಳ್ಳು ಯಾಕೆ, ಬೇರೆ ಹೆಂಗಸು ಅಂತಲೂ ತಲೆಗೆ ಬಂತು. ಒಂದು ದಿನ ಪೂರ್ತಿ ನಿಮಗೆ ಮನಸ್ಸಿನಲ್ಲೇ ಬೈದೆ. ಮತ್ತೆ ಹೆದರಿಕೆ ಶುರುವಾಯಿತು, ಅದಕ್ಕಿಂತ ಆ ಸಿಟ್ಟೇ ವಾಸಿ ಇತ್ತು. ಕಾಯಿಲೆಯಾದರೆ ಮುಚ್ಚಿಡಬೇಡಿ ಬಾಸಿಲ್. ನಾನು ದಿನವಿಡೀ ಊರವರ ಕಾಯಿಲೆ ಟೈಪ್ ಮಾಡುವವಳು. ನಿಮ್ಮ ರಿಪೋರ್ಟ್ ಇದ್ದರೆ ಕಳಿಸಿ, ನಾನು ಓದ್ತೇನೆ, ಕೆಟ್ಟದಿದ್ದರೂ ಓದ್ತೇನೆ. ಗೊತ್ತಿಲ್ಲದೆ ಕೂರಲಿಕ್ಕೆ ಮಾತ್ರ ನನ್ನಿಂದ ಆಗುವುದಿಲ್ಲ.

ಮಕ್ಕಳು ಬೆಸಾಂವ್ ಕೇಳಿದ್ದಾರೆ. ರೂಮಿನ ಮಹಾಬಲನಿಗೆ ನನ್ನ ನಮಸ್ಕಾರ ಹೇಳಿ. ನಮ್ಮ ತಾಯಿ ಮರಿಯಮ್ಮ ನಿಮ್ಮನ್ನು ಕಾಯಲಿ.

ನಿಮ್ಮ
ವಿನಿಫ್ರೆಡ್

ಮತ್ತೆ ಸೇರಿಸಿದ್ದು: ಕಾಗದ ಮಡಚುವಾಗ ತಡೆಯಲಿಕ್ಕಾಗದೆ ಮಹಾಬಲನಿಗೇ ಫೋನ್ ಮಾಡಿದೆ. ಮೊದಲು ಡ್ಯೂಟಿ, ನೆಟ್‌ವರ್ಕ್ ಅಂತೆಲ್ಲ ಹೇಳಿದ. ಮೊಂತಿ ಫೆಸ್ತಿಗೆ ನಾವು ಮೀನು ತಿನ್ನುವುದಿಲ್ಲ ಮಾರಾಯ ಅಂದೆ. ಅತ್ತುಬಿಟ್ಟ. ನೀವು ಆಸ್ಪತ್ರೆಯಲ್ಲಿದ್ದೀರಿ, ಬಲಗೈ ಏಳುವುದಿಲ್ಲ, ಮಾತು ತೊದಲುತ್ತದೆ, ಮನೆಗೆ ಹೇಳಬೇಡ ಅಂತ ಸನ್ನೆ ಮಾಡಿದ್ದು ನೀವೇ, ನಿಮ್ಮ ಫೋನಿನಿಂದ ಆ ಮೆಸೇಜ್ ಕಳಿಸ್ತಿದ್ದದ್ದು ತಾನೇ ಅಂದ. ಇಗರ್ಜಿಗೆ ಹೋಗದ ಆ ಕೂಳೂರಿನ ಹುಡುಗನಿಗೆ ನಮ್ಮ ಹಬ್ಬ ಎಂತ ಗೊತ್ತು, ಅವನಿಗೆ ಬೈಯಬೇಡಿ. ಪಾಸ್‌ಪೋರ್ಟ್ ಹಂಪನಕಟ್ಟೆಯ ಟ್ರಾವೆಲ್ಸಿಗೆ ಕೊಟ್ಟು ಈಗಷ್ಟೇ ಬಂದೆ. ಈ ಕಾಗದ ಆರಿಫಾಳ ಗಂಡ ತರುವುದಲ್ಲ, ನಾನೇ ತರುವುದು. ನಿಮಗೆ ಓದಲಿಕ್ಕೆ ಕಷ್ಟವಾದರೆ ಪಕ್ಕದಲ್ಲಿ ಕೂತು ಓದಿ ಹೇಳ್ತೇನೆ.