ಕ್ಲಾರಾ ಲೈಕರ್ ಮನೆಯ ಊಟ

ಕಾರ್ಲ್ಸ್‌ರುಹೆ,
ಶುಕ್ರವಾರ, ಫೆಬ್ರುವರಿ 10, 1978

ಪ್ರೀತಿಯ ಜಗನ್ನಾಥ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಟ್ರ್ಯಾಕ್ಟರ್ ಏರಿ ಫೋಟೊ ತೆಗೆಸಿಕೊಳ್ಳುವ ಉತ್ಸಾಹದಲ್ಲಿ ಉಣ್ಣೆಯ ಪಟ್ಟಿ ಕಟ್ಟಿಕೊಳ್ಳುವುದನ್ನು ಮರೆತಿರುತ್ತೀಯ, ಗೊತ್ತು. ನಾವಿಬ್ಬರೂ ಚೆನ್ನಾಗಿದ್ದೇವೆ. ಶುಭಾಳಿಗೆ ನೆಗಡಿ ಇತ್ತು, ಈಗ ವಾಸಿ. ನಿನ್ನ ಫೋಟೊ ನೋಡಿ ಕಿಂಡರ್‌ಗಾರ್ಟನ್ನಿನಲ್ಲೆಲ್ಲ "ಮೈನ್ ಪಾಪಾ ಹಾಟ್ ಐನನ್ ಟ್ರಾಕ್ಟೋರ್" ಎಂದು ಸಾರಿಕೊಂಡು ಬಂದಿದ್ದಾಳೆ. ಅಪ್ಪನ ಬಳಿ ಟ್ರ್ಯಾಕ್ಟರ್ ಇಲ್ಲ ಕಣೇ, ಅಪ್ಪ ಬರೀ ಗೋಧಿಯ ತೇವ ಅಳೆಯುವವನು ಎಂದರೆ ನನ್ನನ್ನೇ ಗುರಾಯಿಸುತ್ತಾಳೆ. ಏಕವಚನದಲ್ಲಿ ಬರೆಯುತ್ತಿದ್ದೇನೆ, ಈ ಪತ್ರವನ್ನು ಅತ್ತೆಗೆ ಕಳಿಸಬೇಡ.

ನಿನ್ನ ಎರಡು ಪತ್ರಗಳು ಒಂದೇ ದಿನ ಬಂದವು. ಒಂದರ ಅಂಚಿಗೆ ಎರಡು ಸಲ ಅಂಟು ಹಚ್ಚಿದಂತಿತ್ತು. ನೀನೇ ಹಚ್ಚಿದ್ದೋ, ದಾರಿಯಲ್ಲಿ ಬೇರೆ ಯಾರಾದರೂ ಹಚ್ಚಿದರೋ? ನಗಬೇಡ. ಹೋದ ಶರತ್ಕಾಲದ ಕೊಲೆ, ಅಪಹರಣಗಳಾದ ಮೇಲೆ ಈ ದೇಶ ಎಲ್ಲರನ್ನೂ ಓರೆಗಣ್ಣಿನಿಂದ ನೋಡುತ್ತಿದೆ. ಪೋಸ್ಟ್ ಆಫೀಸಿನ ಗೋಡೆಯ ಮೇಲೆ ಪೊಲೀಸರಿಗೆ ಬೇಕಾದವರ ಮುಖಗಳಿವೆ. ಸ್ಟಾಂಪಿಗೆ ಸಾಲಿನಲ್ಲಿ ನಿಂತವರು ಆ ಮುಖಗಳನ್ನು ನೋಡಿ ಆಮೇಲೆ ನನ್ನ ಮುಖ ನೋಡುತ್ತಾರೆ. ಸೀರೆ ಉಟ್ಟ ಹೆಂಗಸಿನಲ್ಲಿ ಅವರಿಗೆ ಏನು ಕಾಣುತ್ತದೋ.

ನೀನು 'ಪಾಂಪ್ಲೆಟ್ ಪಂಡಿತೆ' ಎಂದು ಛೇಡಿಸುವ ನಾನು ಈಗ ಅಮೆರಿಕದ ರೈತರ ಮೇಲೆ ಬಿದ್ದಿದ್ದೇನೆ. ವಿಶ್ವವಿದ್ಯಾಲಯದ ಊಟದ ಹಾಲಿನ ಎದುರು ಹುಡುಗರು ಮೇಜು ಹಾಕಿ ಮಾರುವ ಕಿರುಹೊತ್ತಿಗೆಗಳಲ್ಲಿ ನಿನ್ನ ರೈತರ ಮುತ್ತಜ್ಜಂದಿರ ಕಥೆ ಸಿಕ್ಕಿತು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ರೈಲು ಕಂಪನಿ ಹೇಳಿದ್ದೇ ಬಾಡಿಗೆ, ಸ್ಟೇಷನ್ನಿನಲ್ಲಿ ಗೋಧಿ ಕೊಳ್ಳುವ ಒಂದೇ ಒಂದು ಕಣಜದವನು ಹೇಳಿದ್ದೇ ಧಾರಣೆ. ಬೆಳೆದವನು ಟೋಪಿ ಕೈಲಿ ಹಿಡಿದು ನಿಲ್ಲಬೇಕು. ಆ ಜನ ಮೊದಲು ಶಾಲೆಯ ಕೋಣೆಗಳಲ್ಲಿ ಸೇರಿ ಹಾಡು, ಊಟ ಅಂತ ಶುರು ಮಾಡಿದರು. ಆಮೇಲೆ ಒಟ್ಟಾಗಿ ಕೊಂಡರು, ಒಟ್ಟಾಗಿ ಮಾರಿದರು, ಕೊನೆಗೆ ತಮ್ಮದೇ ಪಕ್ಷ ಕಟ್ಟಿ ಶಾಸನಸಭೆಗಳಿಗೇ ನುಗ್ಗಿದರು. ಹೆಂಗಸರು ಗಾಡಿಯ ಮೇಲೆ ನಿಂತು ಭಾಷಣ ಮಾಡುತ್ತಿದ್ದರಂತೆ, ಓದುವಾಗ ರೋಮಾಂಚನವಾಯಿತು. ಆದರೆ ಒಂದು ಸಂಗತಿ ಮಾತ್ರ ನಗು ತರಿಸಿತ್ತು. ಸಭೆಯ ಬಾಗಿಲಲ್ಲಿ ಗುಟ್ಟಿನ ಸಂಕೇತಪದ ಹೇಳದೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲವಂತೆ. ಗೋಧಿ ಬೆಳೆಯುವವರಿಗೆ ಇಷ್ಟೊಂದು ನಾಟಕವೇ ಎಂದುಕೊಂಡಿದ್ದೆ. ನಿನ್ನ ಪತ್ರಗಳನ್ನು ಓದಿದ ಮೇಲೆ ಆ ನಗು ಹೋಯಿತು.

ನಿನ್ನ ಮೊದಲ ಪತ್ರದಲ್ಲಿ ನಿನಗೆ ಸಂಬಳ ಕೊಡುವ ಪ್ರತಿಷ್ಠಾನದ ಔತಣದ ವರ್ಣನೆ ಇದೆ. ನಿರ್ದೇಶಕರು ಎಲ್ಲರೆದುರು ನಿನ್ನ ಭುಜ ತಟ್ಟಿ, "ಡಾಕ್ಟರ್, ಈ ದನದ ಮಾಂಸದ ನಾಡಿನಲ್ಲಿ ಇನ್ನೂ ಹೇಗೆ ಬದುಕಿದ್ದೀರಿ?" ಎಂದು ಕೇಳಿದರಂತೆ. ನೀನು ಎದ್ದು ನಿಂತು ಒಂದೊಂದೇ ಮನೆಯ ಹೆಸರು ಹೇಳಿದೆಯಂತೆ. ರೈತರ ಸೋಮವಾರದ ಸಭೆ ಕ್ಲಾರಾ ಲೈಕರ್ ಅಡಿಗೆಮನೆಯಲ್ಲಿ. ಹಂದಿಮಾಂಸ ಸೋಕದ ಬೀನ್ಸ್ ಬೇಯಿಸಲು ಅವರು ನಿನಗೆಂದೇ ಬೇರೆ ಪಾತ್ರೆ ಎತ್ತಿಟ್ಟಿದ್ದಾರೆ. ಗುರುವಾರ ಇನ್ನೊಬ್ಬರ ಮನೆ, ಆಲೂಗಡ್ಡೆ ಸೂಪು. ಎಲ್ಲರೂ ಚಪ್ಪಾಳೆ ತಟ್ಟಿದರು. ಅನ್ನ ಹಾಕಿದವರ ಹೆಸರನ್ನು ನಾಲ್ಕು ಜನರ ಮುಂದೆ ಹೇಳುವುದು ನಮ್ಮ ಮನೆಗಳಲ್ಲಿ ಕಲಿಸಿದ ಮರ್ಯಾದೆ. ಮಡಿ, ಮೈಲಿಗೆಯನ್ನೆಲ್ಲ ಬಿಟ್ಟೆ, ಇದೊಂದನ್ನು ಬಿಡಲಿಲ್ಲ ನೀನು. ಆದರೆ ಜಗನ್ನಾಥ, ಆ ಅಡಿಗೆಮನೆಗಳಲ್ಲಿ ಬರೀ ಬೀನ್ಸ್ ಬೇಯುತ್ತಿರಲಿಲ್ಲ. ನ್ಯಾಯವಾದ ಬೆಲೆ ಸಿಗುವವರೆಗೆ ಗೋಧಿ ಕೊಡಬಾರದು, ಕಣಜದ ಗೇಟಿಗೆ ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಬೇಕು ಎಂದು ಮಾತಾಗುತ್ತಿದ್ದದ್ದು ಅಲ್ಲೇ ಎಂದು ನೀನೇ ಬರೆದಿದ್ದೀಯ. ಆ ಪ್ರತಿಷ್ಠಾನಕ್ಕೆ ಹಣ ಕೊಡುವವನು ಅದೇ ಕಣಜದ ಮಾಲೀಕ ಎಂದೂ ನೀನೇ ಬರೆದಿದ್ದೀಯ, ಅದೂ ದೊಡ್ಡ ಮನಸ್ಸಿನವನು ಎಂದು ಹೊಗಳಿ.

ಎರಡನೆಯ ಪತ್ರದ ಕೊನೆಗೆ, ಹವಾಮಾನದ ಸುದ್ದಿಯಾದ ಮೇಲೆ, ಒಂದು ಸಾಲು: ಕ್ಲಾರಾ ಅವರ ಗೋಧಿಯನ್ನು ತೇವ ಹೆಚ್ಚಾಗಿದೆ ಎಂದು ಕಣಜದವರು ವಾಪಸು ಕಳಿಸಿದರು, ಆಲೂಗಡ್ಡೆ ಸೂಪಿನ ಮನೆಯವರದ್ದನ್ನೂ, ಪಾಪ, ವಿಚಿತ್ರ, ನಾನೇ ಅವರ ಕೊಟ್ಟಿಗೆಯಲ್ಲಿ ಅಳೆದಾಗ ಚೆನ್ನಾಗಿ ಒಣಗಿತ್ತು. ವಿಚಿತ್ರವೇ? ನಿನಗೆ ಅಷ್ಟೇ ಅನ್ನಿಸಿತೇ?

ನೀನು ಹೇಳಿದ ಹೆಸರುಗಳಿಗೂ ವಾಪಸಾದ ಗೋಧಿಗೂ ನಂಟಿದೆ ಎಂದು ನನಗೆ ಯಾಕೆ ತಕ್ಷಣ ಹೊಳೆಯಿತು ಎಂದರೆ, ಇಲ್ಲಿ ನಮ್ಮ ಮನೆಯಲ್ಲೇ ಅಂಥದ್ದು ನಡೆದಿದೆ. ಕೆಳಗಿನ ಮನೆಯ ಮುದುಕಿ ಫ್ರೌ ಬೆಖ್ಟೋಲ್ಡ್ ಬಳಿಗೆ ಹೋದ ತಿಂಗಳು ಒಬ್ಬ ಬಂದಿದ್ದ. ಒಳ್ಳೆಯ ಕೋಟು, ಒಳ್ಳೆಯ ಮಾತು, ಯಾವ ಕಚೇರಿಯವನೋ ಹೇಳಲಿಲ್ಲವಂತೆ. ಮೇಲಿನ ಇಂಡಿಯನ್ ಹೆಂಗಸಿಗೆ ಒಬ್ಬಳೇ ಬೇಸರವಾಗುವುದಿಲ್ಲವೇ, ಜೊತೆಗೆ ಯಾರಾದರೂ ಬರುತ್ತಾರೆಯೇ ಎಂದು ಕನಿಕರದಿಂದ ಕೇಳಿದನಂತೆ. ಮುದುಕಿಗೆ ನನ್ನ ಮೇಲೆ ಪ್ರಾಣ. ಭಾನುವಾರ ಊಟಕ್ಕೆ ಯಾರು ಬರುತ್ತಾರೆ, ಯಾರು ಎರಡು ಸಲ ಬಡಿಸಿಕೊಳ್ಳುತ್ತಾರೆ, ಯಾರ ಚೀಲದಲ್ಲಿ ಕರಪತ್ರಗಳಿರುತ್ತವೆ ಎಂಬುದನ್ನೆಲ್ಲ ಹೆಮ್ಮೆಯಿಂದ ಹೇಳಿ, ನನಗೂ ಬಂದು ಹೇಳಿದಳು, ಕೇಕಿನ ತುಂಡಿನ ಜೊತೆಗೆ. ಈಗ ಪ್ರಭಂಜನನ ವೀಸಾ ಮುಂದುವರಿಯದೆ ಕೂತಿದೆ. ನಮ್ಮ ಧಾರವಾಡದ ಹುಡುಗ, ಪಿಎಚ್‌ಡಿ ಅರ್ಧದಲ್ಲಿದೆ. ಅವನು ಮಾತ್ರ, "ಅಕ್ಕಾರ, ನಿಮ್ಮ ಬಿಸಿಬ್ಯಾಳಿ ಅನ್ನಕ್ಕ ಇಷ್ಟ್ ಪವರ್ ಅದ ಅಂತ ನನಗ ಗೊತ್ತಿರಲಿಲ್ಲ ನೋಡ್ರಿ" ಎಂದು ನಗುತ್ತಾನೆ. ನಕ್ಕು ಹೋದವನು ಹೋದ ಭಾನುವಾರ ಊಟಕ್ಕೆ ಬರಲಿಲ್ಲ. ಫ್ರೌ ಬೆಖ್ಟೋಲ್ಡ್ ಕೆಟ್ಟವಳಲ್ಲ. ನೀನೂ ಕೆಟ್ಟವನಲ್ಲ. ಅದಕ್ಕೇ ನಿಮ್ಮಂಥವರನ್ನೇ ಹುಡುಕಿ ಕೇಳುತ್ತಾರೆ.

ಯೋಚಿಸು. ಅಮೆರಿಕದಲ್ಲಿ ಗೋಧಿಯ ತೇವ ಅಳೆಯಬಲ್ಲವರು ಇರಲಿಲ್ಲವೇ? ಕ್ಲಾರಾ ಅವರಂಥ ಮನೆಗಳಲ್ಲಿ ಇನ್ನೂ ಹಳೆಯ ಜರ್ಮನ್ ಮಾತಾಡುತ್ತಾರೆ. ಜರ್ಮನ್ ಬಲ್ಲ, ಕುಡಿಯದ, ಮಾಂಸ ತಿನ್ನದ, ಯಾವ ಹೆಂಗಸಿಗೂ ಕರೆದು ಬಡಿಸೋಣ ಅನ್ನಿಸುವ ಒಬ್ಬ ಪರದೇಶಿ ಆ ಪ್ರತಿಷ್ಠಾನದವರಿಗೆ ಬೇಕಾಗಿದ್ದ. ಇದು ಪಾಂಪ್ಲೆಟ್ ತಲೆಗೇರಿದ್ದು ಅನ್ನುತ್ತೀಯ. ಅನ್ನು. ನನ್ನ ಅನುಮಾನ ಸುಳ್ಳಾದರೆ ನನ್ನಷ್ಟು ಸಂತೋಷಪಡುವವರು ಯಾರೂ ಇಲ್ಲ.

ಆದರೆ ಇನ್ನೊಂದು ಅನುಮಾನವಿದೆ, ಅದನ್ನು ಬರೆಯಲು ಕೈ ಬರುತ್ತಿಲ್ಲ. ಅದೇ ಪತ್ರದಲ್ಲಿ, ಆ ಸಾಲಿನ ಕೆಳಗೇ, ನಿನ್ನ ಕೆಲಸ ಕಾಯಂ ಆಗುವ ಸೂಚನೆ ಇದೆ, ಅಂಗಳವಿರುವ ಮನೆ ಕೊಡುತ್ತಾರೆ, ಜೂನ್‌ನಲ್ಲಿ ನಾನೂ ಶುಭಾಳೂ ಅಲ್ಲಿಗೆ ಬಂದುಬಿಡಬಹುದು ಎಂದು ಬರೆದಿದ್ದೀಯ. ಎಲ್ಲರ ಗೋಧಿಯನ್ನೂ ಎರಡೆರಡು ಸಲ ಅಳೆಯುವ ನೀನು, ತೇವ ಎಂದ ಮಾತು ಕೇಳಿಯೂ ಯಾಕೆ ಮತ್ತೆ ಅಳೆದು ತೋರಿಸಲಿಲ್ಲ? ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಜೂನ್ ನೆನಪಾಯಿತೋ? ಮೊದಲನೆಯದಾದರೆ ನಿನ್ನ ಮೇಲೆ ಸಿಟ್ಟಿಲ್ಲ. ಎರಡನೆಯದಾದರೆ ನನಗೆ ಆ ಮನೆ ಬೇಡ, ಆ ಅಂಗಳ ಬೇಡ, ಈ ಎರಡು ಕೋಣೆಯೇ ಸಾಕು.

ಕ್ರಿಸ್ಮಸ್‌ಗೆ ಕ್ಲಾರಾ ನನಗೆ ಗಸಗಸೆ ಕೇಕು ಮಾಡುವ ಬಗೆಯನ್ನು ಅಜ್ಜಿ ಕಾಲದ ಜರ್ಮನ್‌ನಲ್ಲಿ ಬರೆದು ಕಳಿಸಿದ್ದರಲ್ಲ, ಅದನ್ನು ಮೊನ್ನೆ ಮಾಡಿದೆ. ಮೇಲೆ ಸೀದುಹೋಯಿತು. ಶುಭಾ ಸೀದ ಭಾಗವನ್ನು ಬಿಡಿಸಿ ಬಿಡಿಸಿ ಒಳಗಿನದನ್ನು ತಿಂದಳು. ಮುಖವನ್ನೇ ನೋಡದ ನನ್ನನ್ನು ಆ ಹೆಂಗಸು 'ಮಗಳೇ' ಎಂದು ಬರೆದಿದ್ದಾರೆ.

ಸೊಂಟಕ್ಕೆ ಪಟ್ಟಿ ಕಟ್ಟಿಕೋ. ಮೊಸರು ಸಿಗದಿದ್ದರೆ ಹಾಲನ್ನಾದರೂ ಕುಡಿ. ಶುಭಾಳ ಮುತ್ತು ಹಾಳೆಯ ಮೂಲೆಯಲ್ಲಿದೆ, ಅಲ್ಲಿ ಕಾಣುವ ಜಿಡ್ಡು ಅದೇ. ನೀನು ಒಳ್ಳೆಯವನೆಂದು ಇನ್ನೂ ನಂಬಿರುವ,

ನಿನ್ನ
ಕಲ್ಯಾಣಿ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಪೋಸ್ಟ್ ಆಫೀಸು ಮುಚ್ಚುತ್ತದೆ. ಕ್ಲಾರಾ ಅವರಿಗೂ ಒಂದು ಪತ್ರ ಬರೆದಿಟ್ಟಿದ್ದೇನೆ, ಜರ್ಮನ್‌ನಲ್ಲಿ. ನಿಮ್ಮ ಮನೆಯ ಹೆಸರು ಔತಣದಲ್ಲಿ ಹೇಗೆ ಹೊರಬಿತ್ತು, ನಿಮ್ಮ ಗೋಧಿ ಒಣಗಿತ್ತೆಂದು ಯಾರಿಗೆ ಗೊತ್ತು, ಎರಡನ್ನೂ ಬರೆದಿದ್ದೇನೆ. ಇದನ್ನು ಈಗಲೇ ಹಾಕುತ್ತೇನೆ, ಅವರದ್ದನ್ನು ಸೋಮವಾರ. ನಡುವಿನ ದಿನಗಳು ನಿನ್ನವು. ನನ್ನ ಕಾಗದ ಅವರ ಕೈಗೆ ಸಿಗುವ ಮೊದಲು ನೀನೇ ಹೋಗಿ ಎಲ್ಲವನ್ನೂ ಹೇಳು. ಆಮೇಲೆ ಅವರ ಗೋಧಿಯ ಲಾರಿಯಲ್ಲೇ ಕೂತು ಕಣಜದ ಗೇಟಿಗೆ ಹೋಗು. ತೇವ ಅಳೆಯುವ ಯಂತ್ರ ನಿನ್ನ ಕೈಯಲ್ಲಿರಲಿ.